ನಡುಗಡ್ಡಿಗೆ ಹೋಗೋಣು, ಬುತ್ತಿ ಯಾರು ಕಟ್ಟೋರು?

ಈ ವರ್ಷ ನಮ್ಮ ಬಳಗದಾಗ ಮೂರು ಮದುವಿ ಆದ್ವು. ಮೂರೂ ಜೋಡಿ ಹೋಗಿದ್ದು ಸಮುದ್ರದ ನಡುಗಡ್ಡಿಗೇ. ಒಂದು ಮಾಲ್ಡೀವ್ಸ್, ಎರಡು ಅಂಡಮಾನ್. ವಾಟ್ಸಾಪ್ ಸ್ಟೇಟಸ್ ತೆಗದ್ರ ಬರೇ ನೀಲಿ ನೀರು, ಬೆಳ್ಳನ ಉಸುಕು, ಚುಳುಚುಳು ಬಿಸಲು. ಮನ್ಯಾಗಿನ ಹಿರೇರದು ಒಂದ ಮಾತು: "ಬಿಸಲು ಕಾಯಾಕ ಲಕ್ಷಗಟ್ಟಲೆ ರೊಕ್ಕ ಹಾಕ್ಬೇಕೇನು? ಸಿಂಧನೂರಾಗ ಪುಕ್ಕಟ ಬೀಳ್ತೈತಲ್ಲ!"

ನಗಾಕ ಚಲೋ ಮಾತು. ಆದ್ರ ನಾನು ಒಪ್ಪಂಗಿಲ್ಲ. ಆ ಹುಡಿಗ್ಯಾರು ಬಿಸಲಿಗೆ ಹೋದೋರಲ್ಲ. ಒಬ್ಬಾಕಿ ಬಂದು ಹೇಳಿದ್ಲು, "ಚಿಗವ್ವ, ಐದು ದಿನ ಯಾರೋ ತಾಟು ತಂದು ಮುಂದ ಇಟ್ರು. ಮುಂಜಾನೆ ಎದ್ದ ಮ್ಯಾಲ ಏನು ಮಾಡ್ಬೇಕಂತ ತಿಳೀಲೇ ಇಲ್ಲ." ಈ ಮಾತು ಕೇಳಿ ನನಗ ರೊಕ್ಕದ ಲೆಕ್ಕ ಮರೆತು ಹೋತು. ಹೆಣ್ಮಕ್ಕಳಿಗೆ ಒಲಿ ಇಲ್ಲದ ಐದು ದಿನಕ್ಕ ಬೆಲಿ ಕಟ್ಟೋರು ಯಾರು?

ಅಂಡಮಾನಿಗೆ ಹೋದಾಕಿ ಇನ್ನೊಂದು ಸುದ್ದಿ ತಂದಾಳ. ಹ್ಯಾವ್‌ಲಾಕ್ ಅಂತಿದ್ರಲ್ಲ, 2018ರಾಗ ಸ್ವರಾಜ್ ದ್ವೀಪ ಅಂತ ಹೆಸರಿಟ್ರು, ಅಲ್ಲಿ ಸಂತಿಯೊಳಗ ಮಾತೆಲ್ಲಾ ಬಂಗಾಲಿ ಅಂತ. ಯಾಕಂದ್ರ ದೇಶ ಇಬ್ಭಾಗ ಆದ ಮ್ಯಾಲ ಪೂರ್ವ ಬಂಗಾಲದಿಂದ ಎಲ್ಲಾ ಬಿಟ್ಟು ಬಂದ ಮಂದಿನ್ನ ಸರಕಾರ ಅಲ್ಲಿ ಕೂಡ್ಸಿತ್ತು. ನಮ್ಮ ಸಿಂಧನೂರು ಆರ್.ಎಚ್. ಕ್ಯಾಂಪಿನ ಬಂಗಾಲಿ ಮಂದಿನೂ ಹಂಗ ಬಂದೋರ. ಸಂತ್ಯಾಗ ನಮ್ಮ ಜೋಡಿ ಕನ್ನಡದಾಗ ಚೌಕಾಸಿ ಮಾಡಿ ಮೀನು ಮಾರೋ ಆಕಿ ಮಾತೂ, ಆ ನಡುಗಡ್ಡಿಯಾಗ ಎಳನೀರು ಮಾರೋ ಆಕಿ ಮಾತೂ ಒಂದ ಅಂದ್ರ ಸೋಜಿಗ ಅನಸ್ತೈತಿ. ಹೋದೋರು ಫೋಟೊ ಹೊಡ್ಕೊಂಡು ಬರೋದಲ್ಲದ ಇಂಥಾದ್ದೂ ಒಂದೀಟು ಕೇಳ್ಕೊಂಡು ಬಂದ್ರ ಛಲೋ.

ಇರ್ಲಿ. ಹಿರೇರು ಇನ್ನೊಂದು ಮಾತು ಅಂತಾರ: "ನಡುಗಡ್ಡಿ ನಮ್ಮಲ್ಲಿ ಇಲ್ಲೇನು?" ಅದು ಮಾತ್ರ ಖರೇ. ಲಿಂಗಸುಗೂರು ತಾಲೂಕಿನಾಗ ಕೃಷ್ಣಾ ಹೊಳಿ ಹರದು ಹಂಚಿಕೊಂಡು ನಡುಗಡ್ಡಿ ಮಾಡೈತಿ. ಜಲದುರ್ಗ ಕೋಟಿ ಅಂತೂ ಹೆಸರ ಹೇಳ್ತೈತಿ. ಸುತ್ತ ನೀರು, ನಡುವ ಕಲ್ಲಿನ ಗೋಡಿ, ಕೆಳಗ ಕಡದಾದ ಕಮರಿ. ಬಿಜಾಪುರದ ಆದಿಲಶಾಹಿಗಳು ಆಳಿದ ಕೋಟಿ ಅದು. ಆಚೀಕ ರಾಯಚೂರು ಕಡೆ ಕುರುವಪುರ ಐತಿ, ನಮ್ಮ ಓಣಿಯ ಎಷ್ಟೋ ಮಂದಿ ಪುಟ್ಟಿಯೊಳಗ ಕುಂತು ಶ್ರೀಪಾದ ಶ್ರೀವಲ್ಲಭರ ದರ್ಶನ ಮಾಡ್ಕೊಂಡು ಬಂದಾರ. 2023ರ ಜೂನಿಂದ ನಮಗ ಸರಕಾರಿ ಬಸ್ಸೂ ಪುಕ್ಕಟ. ಸಿಂಧನೂರು ಹತ್ತಿ, ಮಸ್ಕಿ ದಾಟಿ, ಲಿಂಗಸುಗೂರಾಗ ಇಳದ್ರ ಅರ್ಧ ದಾರಿಗಿಂತ ಹೆಚ್ಚು ಮುಗೀತು.

ಆದ್ರ ಇಲ್ಲೇ ನನ್ನ ತಕರಾರು. ಜಲದುರ್ಗಕ್ಕ ಹೋಗೋಣು ಅಂದಕೂಡ್ಲೆ ಮನಿ ಗಂಡಸರು ಗಾಡಿ ಹೇಳ್ತಾರ, ಅಲ್ಲಿಗೆ ಅವರ ಕೆಲಸ ಮುಗೀತು. ನಾವು ನಸಿಕಿನಾಗ ಮೂರಕ್ಕ ಎದ್ದು ಇಪ್ಪತ್ತು ಮಂದಿಗೆ ರೊಟ್ಟಿ ಬಡಿಬೇಕು. ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಕರಿಗಡಬು, ಮ್ಯಾಲ ನೀರಿನ ಕ್ಯಾನು. ಅಲ್ಲಿ ಹೋಗಿ ಬಡಸೋದು, ಬಂದು ಪಾತ್ರಿ ತಿಕ್ಕೋದು. ಕೋಟಿ ಮ್ಯಾಲ ಹತ್ತಿ ನೀರು ನೋಡೋರು ಅವರು, ಗಿಡದ ನೆರಳಾಗ ಗಂಟು ಕಾಯೋರು ನಾವು. ಇದಕ್ಕ ಪ್ರವಾಸ ಅನ್ನಂಗಿಲ್ಲ, ಅಡಗಿ ಮನಿನ್ನ ಗಾಡ್ಯಾಗ ಹೇರಿಕೊಂಡು ಹೋಗಿ ಬಂದಂಗ. ಹಿಂಗಾಗಿ ಆ ಹುಡಿಗ್ಯಾರು ಮಾಲ್ಡೀವ್ಸ್ ಅಂದ್ರ ನಾನು ಬೈಯಂಗಿಲ್ಲ.

ನನ್ನ ಮನಸಿನಾಗ ಒಂದು ದಾರಿ ಐತಿ. ಈಗ ಯಾವ ಊರಿಗೆ ಹೋಗ್ರಿ, ಹೆಣ್ಮಕ್ಕಳ ಒಂದು ಸಂಘ ಇದ್ದ ಇರ್ತೈತಿ. ಹೋಗೋದಕ್ಕ ನಾಲ್ಕು ದಿನ ಮೊದ್ಲ ಆ ಊರಿನ ಸಂಘದೋರಿಗೆ ಹೇಳಿ, ತಲಿಗಿಷ್ಟು ಅಂತ ರೊಕ್ಕ ಕೊಟ್ಟು, ರೊಟ್ಟಿ ಊಟ ಮಾಡಸ್ಬೇಕು. ಚೌಕಾಸಿ ಮಾಡಬಾರ್ದು. ಅವರ ಕೈಯಾಗ ನಾಲ್ಕು ಕಾಸು ಆಡ್ತಾವ, ನಮಗ ಒಂದು ದಿನ ಕೈ ಬಿಡುವು. ರಿಸಾರ್ಟ್ ಬೇಕು, ಬೋಟು ಬೇಕು ಅಂತ ಭಾಷಣ ಮಾಡೋರಿಗಿಂತ ಇದು ನಾಳಿಗೇ ಆಗೋ ಕೆಲಸ.

ರಿಸಾರ್ಟ್ ಮಾತು ಬಂತಲ್ಲ, ಅದಕ್ಕಿಂತ ಮೊದ್ಲ ಆಗ್ಬೇಕಾದ್ದು ಸೇತುವಿ. ನಾರಾಯಣಪುರದ ಬಸವಸಾಗರ ಡ್ಯಾಮಿನಿಂದ ದೊಡ್ಡ ನೀರು ಬಿಟ್ರ ಶೀಲಹಳ್ಳಿ ಸೇತುವಿ ಮುಳುಗ್ತೈತಿ. 2019ರ ಆಗಸ್ಟಿನಾಗ 5 ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ಹೊಳಿ ಬಂದಿತ್ತು, ನೆನಪೈತೇನು? ಅಂಥ ದಿನ ಶಾಲಿ ಹುಡುಗ್ರು, ಹಾಲು ಮಾರೋರು, ದಿನ ತುಂಬಿದ ಬಸುರಿ, ಎಲ್ಲಾರೂ ಸುತ್ತು ಹಾಕಿ ಬರ್ಬೇಕು. ಹೊಳಿ ನಡುವಿನ ಸಣ್ಣ ಗಡ್ಡಿಗಳಾಗ ಇದ್ದ ಮನಿಯವರಿಗೆ ಆ ಸುತ್ತಿನ ದಾರಿನೂ ಇಲ್ಲ. ಹೆರಿಗಿ ಬ್ಯಾನಿ ಶುರು ಆದ್ರ ನೀರು ಇಳೀಲಿ ಅಂತ ಕಾಯಾಕ ಆಗ್ತೈತೇನ್ರಿ? ಅಂಥ ಹೊತ್ತಿನಾಗ ನಮ್ಮ ಸಿಂಧನೂರು, ಮಸ್ಕಿ ಮಂದಿ ಕಾರ್ ತಗೊಂಡು "ಹೊಳಿ ನೋಡಾಕ" ಹೋಗ್ತಾರ! ಮುಳುಗಿದ ಸೇತುವಿ ಮುಂದ ಹಲ್ಲು ಕಿಸಿದು ಸೆಲ್ಫಿ. ಮಾಲ್ಡೀವ್ಸ್ ಫೋಟೊಗಿಂತ ನನಗ ಇದು ಕಣ್ಣಿಗೆ ಚುಚ್ಚತೈತಿ. ಓಟು ಕೇಳಾಕ ಬಂದೋರ ಮುಂದ ನಾವೂ ಕೇಳ್ಬೇಕು, ಎಂಥ ಹೊಳಿ ಬಂದ್ರೂ ಆ ಮಂದಿ ಲಿಂಗಸುಗೂರು ದವಾಖಾನಿಗೆ ಮುಟ್ಟೋ ಎತ್ತರದ ಸೇತುವಿ ಎಲ್ಲಿ ಅಂತ. ನಮ್ಮ ಊರಿಂದಲ್ಲ ಅಂತ ಸುಮ್ನಿರೋ ಮಾತಲ್ಲ ಇದು. ಆ ಊರುಗಳಿಗೆ ಕೊಟ್ಟ ನಮ್ಮ ಹೆಣ್ಮಕ್ಕಳೂ ಅದಾರ.

ಹೋಗೋದಾದ್ರ ಸಂಕ್ರಾಂತಿ ಗದ್ದಲ ಕಳದ ಮ್ಯಾಲ ಹೋಗ್ರಿ. ಆಗ ನೀರು ಇಳದಿರ್ತೈತಿ, ಬಿಸಲೂ ಅಷ್ಟು ಸುಡಂಗಿಲ್ಲ. ಶಿವರಾತ್ರಿ ದಾಟಿದ್ರ ಕೋಟಿ ಕಲ್ಲು ಹಂಚಾಗ್ತೈತಿ. ಸಣ್ಣ ಹುಡುಗ್ರನ್ನ ಮಾತ್ರ ನೀರಿಗೆ ಬಿಡಬ್ಯಾಡ್ರಿ. ಟೀವ್ಯಾಗ ತೋರಸೋ ಮೊಳಕಾಲುದ್ದ ಸಮುದ್ರ ಅಲ್ಲ ಇದು. ಕೃಷ್ಣಾದಾಗ ಮೊಸಳಿ ಅದಾವ, ಡ್ಯಾಮಿನ ಗೇಟು ತೆಗದ್ರ ನೀರು ನೋಡನೋಡತಾ ಏರ್ತೈತಿ. ಪ್ಲಾಸ್ಟಿಕ್ ತಾಟು, ಲೋಟ ಒಯ್ದದ್ದು ತಿರುಗಿ ತರ್ರಿ, ಅಲ್ಲಿ ಹೊಲಕ್ಕ ಹೋಗೋರು ನಮ್ಮಂಥೋರ.

ನಾನು, ನಮ್ಮ ವೈನಿ, ಬಾಜು ಮನಿ ಅಕ್ಕ ಮೂರು ಮಂದಿ ಈಗ ಗಟ್ಟಿ ಮಾಡೀವಿ. ಬರೋರು ಎಳ್ಳಮಾಸಿ ಒಳಗ ಹೇಳ್ರಿ, ಊಟಕ್ಕ ಎಷ್ಟು ತಲಿ ಅಂತ ಲೆಕ್ಕ ಕೊಡಬೇಕು. ಬರೋ ಗಂಡಸರದೂ ಊಟದ ರೊಕ್ಕ ಮೊದ್ಲ ಇಸಕೋತೀವಿ.