ಚದುರಂಗದ ಪಟ್ಟಿಗಳೂ ನಮ್ಮ ಹೆಣ್ಣುಮಕ್ಕಳೂ

ಚದುರಂಗದಲ್ಲಿ ಆಸಕ್ತಿಯುಳ್ಳವರಿಗೆ ಆಟವಾಡುವದರಷ್ಟೇ ಪ್ರಿಯವಾದ ಮತ್ತೊಂದು ಕೆಲಸವುಂಟು. ಅದು ಆಟಗಾರರನ್ನು ಸಾಲಾಗಿ ನಿಲ್ಲಿಸಿ ಎಣಿಸುವದು. ಲೋಕದಲ್ಲೆಲ್ಲಾ ಮೊದಲನೆಯವರು ಯಾರೆಂದು ತಿಳಿದು ಅವರು ತೃಪ್ತರಾಗುವದಿಲ್ಲ. ಏಷ್ಯಾ ಖಂಡದಲ್ಲಿ ಯಾರು, ದಕ್ಷಿಣ ಅಮೇರಿಕದಲ್ಲಿ ಯಾರು, ಇಪ್ಪತ್ತು ವರುಷದೊಳಗಿನವರಲ್ಲಿ ಯಾರು, ಮುದುಕರಲ್ಲಿ ಯಾರು, ಕಣ್ಣು ಕಾಣದವರಲ್ಲಿ ಯಾರು, ಒಡಹುಟ್ಟಿದವರಲ್ಲಿ ಯಾರು, ಹೆಂಗಸರಲ್ಲಿ ಯಾರು ಎಂದು ಪಟ್ಟಿಯ ಮೇಲೆ ಪಟ್ಟಿಯನ್ನು ಬರೆಯುತ್ತಾರೆ. ಕೆಲಸವಿಲ್ಲದವರ ಹವ್ಯಾಸವೆಂದು ಇದನ್ನು ನೋಡಿ ನಗುವದು ಸುಲಭ. ಆದರೂ ಹೆಣ್ಣುಮಕ್ಕಳಿಗೋಸ್ಕರವೇ ಸ್ಥಾಪಿತವಾದ ಶಾಲೆಯಲ್ಲಿ ಓದಿದ ನಮಗೂ, ಇಲ್ಲಿಗೆ ಮಕ್ಕಳನ್ನು ಕಳುಹಿಸುವ ತಾಯ್ತಂದೆಗಳಿಗೂ ಈ ಪಟ್ಟಿಗಳೊಳಗೆ ಒಂದು ಪ್ರಶ್ನೆ ಅಡಗಿದೆ. ಹೆಂಗಸರಿಗೆಂದು ಬೇರೆ ಪಟ್ಟಿಯನ್ನು ಮಾಡುವದು ನಮಗೆ ಉಪಕಾರವೋ, ಅಪಕಾರವೋ?

ಮೊದಲು ಎಣಿಕೆಯ ಕ್ರಮವನ್ನು ಸ್ವಲ್ಪ ತಿಳಿಯಬೇಕು. ಹಂಗೆರಿ ದೇಶದಲ್ಲಿ ಹುಟ್ಟಿ ಅಮೇರಿಕದ ಮಿಲ್ವಾಕಿ ಪಟ್ಟಣದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅರ್ಪಾಡ್ ಏಲೋ ಎಂಬವರು ಆಟಗಾರರ ಬಲವನ್ನು ಅಂಕಿಯಲ್ಲಿ ಹೇಳುವ ಒಂದು ಗಣಿತವನ್ನು ರಚಿಸಿದರು. ಅಂತರರಾಷ್ಟ್ರೀಯ ಚದುರಂಗ ಸಂಘವಾದ ಫಿಡೆಯು ಅದನ್ನು 1970ನೇ ಇಸವಿಯಲ್ಲಿ ಅಂಗೀಕರಿಸಿತು. ಇಬ್ಬರ ರೇಟಿಂಗುಗಳ ನಡುವೆ 200ರ ಅಂತರವಿದ್ದರೆ, ನೂರು ಆಟಗಳಲ್ಲಿ ಮೇಲಿನವರಿಗೆ ಸುಮಾರು 76 ಅಂಕಗಳು ಬರುವವೆಂದು ಲೆಕ್ಕ. ಈ ಗಣಿತವು ಆಡುವವರ ಜಾತಿಯನ್ನಾಗಲಿ, ದೇಶವನ್ನಾಗಲಿ, ಸೀರೆಯನ್ನಾಗಲಿ ನೋಡುವದಿಲ್ಲ. ಯಾರು ಯಾರೊಡನೆ ಆಡಿದರು, ಯಾರು ಗೆದ್ದರು ಎಂಬದನ್ನು ಮಾತ್ರ ನೋಡುತ್ತದೆ. ಆದರೆ ಇದರಲ್ಲಿಯೇ ಒಂದು ತೊಡಕುಂಟು. ಒಂದು ಗುಂಪಿನವರು ತಮ್ಮತಮ್ಮೊಳಗೇ ಆಡುತ್ತಾ ಹೊರಗಿನವರ ಮುಂದೆ ಕೂಡ್ರದೆ ಹೋದರೆ, ಅವರ ಅಂಕಿಗಳು ಹೊರಗಿನ ಅಂಕಿಗಳೊಡನೆ ಸರಿಯಾಗಿ ಹೊಂದುವದಿಲ್ಲ. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

ಪ್ರಾಂತವಾರು ಪಟ್ಟಿಗಳನ್ನು ನೋಡಿದರೆ ಒಂದು ಸಂಗತಿಯು ಬೇಗನೆ ಹೊಳೆಯುತ್ತದೆ. ಬುದ್ಧಿಯು ಒಂದು ಸೀಮೆಯಲ್ಲಿ ಹೆಚ್ಚಾಗಿಯೂ ಇನ್ನೊಂದರಲ್ಲಿ ಕಡಿಮೆಯಾಗಿಯೂ ಬೆಳೆಯುವದಿಲ್ಲ. ಕಲಿಸುವವರಿದ್ದ ಕಡೆಯಲ್ಲಿ ಆಟಗಾರರು ಬೆಳೆಯುತ್ತಾರೆ. ನಾಲ್ಕು ಲಕ್ಷ ಜನರೂ ಇಲ್ಲದ ಐಸ್‌ಲೆಂಡ್ ದ್ವೀಪದಲ್ಲಿ ಹತ್ತಕ್ಕೂ ಮಿಕ್ಕ ಗ್ರ್ಯಾಂಡ್‌ಮಾಸ್ಟರರು ಆಗಿದ್ದಾರೆ. ಆರ್ಮೇನಿಯವು 2011ರಲ್ಲಿ ಚದುರಂಗವನ್ನು ಶಾಲೆಯ ಪಾಠವನ್ನಾಗಿಯೇ ಮಾಡಿತು. ನಮ್ಮ ನೆರೆಯ ಮದರಾಸಿನಲ್ಲಿ ಮ್ಯಾನ್ಯುಯೆಲ್ ಆರನ್ ಎಂಬವರು 1961ರಲ್ಲಿ ಭಾರತದ ಮೊದಲನೆಯ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. 1972ರಲ್ಲಿ ಅಲ್ಲಿಯ ಸೋವಿಯೆಟ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಕ್ಲಬ್ಬು ಹುಟ್ಟಿತು. ತಾಯಿಯ ಬಳಿಯಲ್ಲಿ ಆಟವನ್ನು ಕಲಿತ ವಿಶ್ವನಾಥನ್ ಆನಂದ್ ಆ ಕ್ಲಬ್ಬಿನಲ್ಲಿ ಆಡಿ ಬೆಳೆದು 1988ರಲ್ಲಿ ದೇಶದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಈಗ ಭಾರತದಲ್ಲಿ 80ಕ್ಕೂ ಮಿಕ್ಕ ಗ್ರ್ಯಾಂಡ್‌ಮಾಸ್ಟರರಿರುವಲ್ಲಿ ತಮಿಳುನಾಡಿನ ಪಾಲು ಬಹು ದೊಡ್ಡದು. ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಾರಿ ನಡಿಸುವ ಚಮತ್ಕಾರದಲ್ಲಿ ನಿಪುಣರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡಿಗೆ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ದೊರಕಿದ್ದಾದರೋ 2017ರಲ್ಲಿ, ಮೈಸೂರಿನ ಎಂ. ಎಸ್. ತೇಜಕುಮಾರರ ಮೂಲಕ. ರಾಜನ ವಿನೋದವು ಪ್ರಜೆಯ ಮಕ್ಕಳ ಪಾಠವಾಗುವದಕ್ಕೆ ಇಷ್ಟು ಕಾಲ ಹಿಡಿಯಿತು.

ಆದರೆ ಸೀಮೆಯ ಪಟ್ಟಿಯು ಎಷ್ಟು ಡೊಂಕಾದದ್ದೆಂಬದಕ್ಕೆ ಮೀರ್ ಸುಲ್ತಾನ್ ಖಾನರೇ ಸಾಕ್ಷಿ. ಪಂಜಾಬಿನ ಹಳ್ಳಿಯವರಾದ ಇವರು ಸರ್ ಉಮರ್ ಹಯಾತ್ ಖಾನರ ಪರಿವಾರದೊಡನೆ ಇಂಗ್ಲೆಂಡಿಗೆ ಹೋಗಿ, 1929, 1932, 1933ನೇ ಇಸವಿಗಳಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಭಾರತದ ರೀತಿಯ ಆಟದಲ್ಲಿ ಕಾಲಾಳು ಮೊದಲನೆಯ ನಡೆಯಲ್ಲಿಯೂ ಒಂದೇ ಮನೆ ನಡೆಯುವದಷ್ಟೆ. ಅದನ್ನು ಬಿಟ್ಟು ಯುರೋಪಿನ ನಿಯಮಗಳನ್ನು ಬೆಳೆದ ಮೇಲೆ ಕಲಿತವರು ಹೇಸ್ಟಿಂಗ್ಸಿನಲ್ಲಿ ಕಾಪಾಬ್ಲಾಂಕನನ್ನೂ ಸೋಲಿಸಿದರು. ಅವರು 1966ರಲ್ಲಿ ತೀರಿಕೊಂಡರು. ಫಿಡೆಯು 2024ರಲ್ಲಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟಿತು. ಅವರನ್ನು ಈಗ ಭಾರತದ ಪಟ್ಟಿಯಲ್ಲಿ ಬರೆಯಬೇಕೋ, ಪಾಕಿಸ್ತಾನದ ಪಟ್ಟಿಯಲ್ಲಿಯೋ? ಇರಲಿ. ನಮಗೆ ಹೆಚ್ಚು ಮುಖ್ಯವಾದವಳು ಅದೇ ಪರಿವಾರದಲ್ಲಿದ್ದ ಫಾತಿಮಾ ಎಂಬ ತರುಣಿ. ಸುಲ್ತಾನ್ ಖಾನರು ಮೂರನೆಯ ಸಾರಿ ಗೆದ್ದ 1933ರಲ್ಲಿಯೇ ಈಕೆಯು ಬ್ರಿಟಿಷ್ ಸ್ತ್ರೀಯರ ಪಟ್ಟವನ್ನು ಗೆದ್ದಳು. ಸ್ವದೇಶಕ್ಕೆ ಹಿಂದಿರುಗಿದ ಮೇಲೆ ದೊಡ್ಡ ಪಂದ್ಯಗಳಲ್ಲಿ ಆಕೆಯ ಹೆಸರು ಕಾಣುವದಿಲ್ಲ. ಆಕೆಗೆ ಪಟ್ಟಿಯಲ್ಲಿ ಒಂದು ಸಾಲು ದೊರಕಿತು, ಆಡುವದಕ್ಕೆ ಮಣೆಯು ದೊರಕಲಿಲ್ಲ.

ಸ್ತ್ರೀಯರ ಪಟ್ಟಿಯ ಗುಣದೋಷಗಳೆರಡನ್ನೂ ಒಬ್ಬಳ ಜೀವಮಾನದಲ್ಲಿ ಕಾಣಬೇಕಾದರೆ ವೆರಾ ಮೆಂಚಿಕ್ ಎಂಬಾಕೆಯನ್ನು ನೋಡಬೇಕು. ಮಾಸ್ಕೋದಲ್ಲಿ 1906ರಲ್ಲಿ ಹುಟ್ಟಿದ ಈಕೆಯ ತಂದೆ ಚೆಕ್, ತಾಯಿ ಇಂಗ್ಲಿಷ್. ಹದಿನೈದರ ಪ್ರಾಯದಲ್ಲಿ ಇಂಗ್ಲೆಂಡಿಗೆ ಬಂದು, ಹಂಗೆರಿಯ ಗೇಜಾ ಮಾರೋಸಿಯವರ ಬಳಿಯಲ್ಲಿ ಕಲಿತು, 1927ರಲ್ಲಿ ಸ್ತ್ರೀಯರ ಮೊದಲನೆಯ ವಿಶ್ವಪಟ್ಟವನ್ನು ಪಡೆದಳು. ಏಳು ಸ್ಪರ್ಧೆಗಳಲ್ಲಿ ಒಂದೇ ಒಂದು ಆಟವನ್ನು ಸೋತಳು. ಆ ಪಟ್ಟದ ಮೇಲೆ ಕೂತುಬಿಡಬಹುದಾಗಿತ್ತು. ಆದರೆ ಆಕೆಯು 1929ರಲ್ಲಿ ಕಾರ್ಲ್ಸ್‌ಬಾಡ್ ಎಂಬಲ್ಲಿ ನಡೆದ ಮಹಾಪಂದ್ಯದಲ್ಲಿ ಆಗಿನ ಶ್ರೇಷ್ಠ ಪುರುಷರ ನಡುವೆ ಕೂತಳು. ವಿಯೆನ್ನಾದ ಆಲ್ಬರ್ಟ್ ಬೆಕರ್ ಎಂಬವನು, ಈಕೆಗೆ ಸೋತವರೆಲ್ಲರನ್ನೂ 'ವೆರಾ ಮೆಂಚಿಕ್ ಕ್ಲಬ್ಬಿನ' ಸದಸ್ಯರೆಂದು ಬರೆಯೋಣವೆಂದು ಹಾಸ್ಯ ಮಾಡಿದನಂತೆ. ಆ ಕ್ಲಬ್ಬಿನ ಮೊದಲನೆಯ ಸದಸ್ಯನು ಬೆಕರನೇ ಆದನು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಪಂದ್ಯದ 22 ಮಂದಿಯಲ್ಲಿ ಆಕೆಯು ಕಟ್ಟಕಡೆಯವಳಾಗಿ ನಿಂತಳೆಂಬದನ್ನು ಹೇಳುವವರು ಕಡಿಮೆ. ನನಗೆ ಈ ಎರಡನೆಯ ಸಂಗತಿಯೇ ದೊಡ್ಡದಾಗಿ ತೋರುತ್ತದೆ. ಲೋಕದ ಸ್ತ್ರೀಯರಲ್ಲಿ ಮೊದಲನೆಯವಳಾದವಳು ಪುರುಷರ ನಡುವೆ ಕಡೆಯವಳಾಗುವದಕ್ಕೆ ಹೆದರಲಿಲ್ಲ. ಮುಂದಿನ ವರುಷಗಳಲ್ಲಿ ಮತ್ತೆ ಮತ್ತೆ ಹೋಗಿ ಕೂತಳು. ಮುಂದೆ 1935ರಲ್ಲಿ ವಿಶ್ವ ಚಾಂಪಿಯನ್ ಆದ ಹಾಲೆಂಡಿನ ಮ್ಯಾಕ್ಸ್ ಯೂವೆಯು ಹೇಸ್ಟಿಂಗ್ಸಿನಲ್ಲಿ ಆಕೆಗೆ ಎರಡು ಸಾರಿ ಸೋತನು. ಮಹಾಯುದ್ಧದ ಸಮಯದಲ್ಲಿ, 1944ರ ಜೂನ್ ತಿಂಗಳಲ್ಲಿ, ಲಂಡನ್ನಿನ ಮನೆಯ ಮೇಲೆ ಜರ್ಮನಿಯ ಹಾರುಬಾಂಬು ಬಿದ್ದು, ತಾಯಿ ಮತ್ತು ತಂಗಿಯೊಡನೆ ಈಕೆಯೂ ಮೃತಳಾದಳು.

ಜಾರ್ಜಿಯ ಎಂಬ ಚಿಕ್ಕ ದೇಶದಲ್ಲಿ ಹೆಣ್ಣಿಗೆ ಕೊಡುವ ಬಳುವಳಿಯಲ್ಲಿ ಚದುರಂಗದ ಮಣೆಯೂ ಇರುತ್ತಿತ್ತೆಂದು ಹೇಳುವದುಂಟು. ಆ ದೇಶದ ನೋನಾ ಗಪ್ರಿಂದಾಶ್ವಿಲಿ 1962ರಿಂದ 1978ರ ವರೆಗೂ, ಆಕೆಯ ನಂತರ ಮಾಯಾ ಚಿಬುರ್ದಾನಿದ್ಜೆ 1991ರ ವರೆಗೂ ಸ್ತ್ರೀಯರ ವಿಶ್ವಪಟ್ಟವನ್ನು ಇಟ್ಟುಕೊಂಡರು. ನೋನಾ 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀಯಾದಳು. ಆದರೂ 2020ರಲ್ಲಿ ಬಂದ ಒಂದು ಪ್ರಸಿದ್ಧ ಅಮೇರಿಕನ್ ಧಾರಾವಾಹಿಯಲ್ಲಿ, ಈಕೆಯು ಗಂಡಸರೊಡನೆ ಎಂದೂ ಆಡಿದವಳಲ್ಲವೆಂದು ಒಂದು ಮಾತನ್ನು ಹಾಕಿದರು. ಕಥೆಯು ನಡೆಯುವ 1968ರ ವೇಳೆಗೆ ತಾನು 59 ಪುರುಷರೊಡನೆಯಾದರೂ ಆಡಿದ್ದೆನೆಂದು ಎಂಬತ್ತರ ಆ ವೃದ್ಧೆಯು 2021ರಲ್ಲಿ ನ್ಯಾಯಾಲಯಕ್ಕೆ ಹೋದಳು. 2022ರಲ್ಲಿ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. 'ಹೆಂಗಸರಲ್ಲಿ ಮೊದಲನೆಯವಳು' ಎಂಬ ಬಿರುದನ್ನು ಕೇಳಿದವರು ಉಳಿದದ್ದನ್ನು ವಿಚಾರಿಸುವದೇ ಇಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕೇ?

ಮೇಲೆ ಹೇಳಿದ ಗಣಿತದ ತೊಡಕಿಗೆ ಈಗ ಬರೋಣ. ಸ್ತ್ರೀಯರು ಬಹಳವಾಗಿ ತಮ್ಮೊಳಗೇ ಆಡುತ್ತಿದ್ದದರಿಂದ ಅವರ ರೇಟಿಂಗು ನಿಜವಾದ ಬಲಕ್ಕಿಂತ ಕಡಿಮೆಯಾಗಿದೆಯೆಂದು ಎಣಿಸಿ, ಫಿಡೆಯು 1986ರ ಕೊನೆಯಲ್ಲಿ ಸ್ತ್ರೀಯರಿಗೆಲ್ಲಾ 100 ಅಂಕಗಳನ್ನು ಕೂಡಿಸಿಕೊಟ್ಟಿತು, ಒಬ್ಬಳಿಗೆ ಹೊರತು. ಆಕೆಯು ಹಂಗೆರಿಯ ಸುಸಾನ್ ಪೋಲ್ಗಾರ್. ಈಕೆಯು ಪುರುಷರೊಡನೆಯೇ ಆಡಿದ್ದರಿಂದ ಈಕೆಯ ಅಂಕಿಯು ಸರಿಯಾಗಿಯೇ ಇದೆಯೆಂಬದು ಕಾರಣ. ಇದರ ಫಲವಾಗಿ 1987ರ ಜನವರಿಯ ಪಟ್ಟಿಯಲ್ಲಿ ಆಕೆಯು ಒಂದೇ ರಾತ್ರಿಯಲ್ಲಿ ಮೊದಲನೆಯ ಸ್ಥಾನದಿಂದ ಕೆಳಗಿಳಿದಳು. ಲೆಕ್ಕವು ಸರಿಯೆಂದು ವಾದಿಸಬಹುದು. ಆದರೆ ಧೈರ್ಯ ಮಾಡಿ ಹೊರಗೆ ಹೋದವಳಿಗೇ ದಂಡವು ಬಿತ್ತು. ಆಕೆಯ ಕಿರಿಯ ತಂಗಿ ಜೂಡಿತ್ ಈ ಜಗಳಕ್ಕೇ ಸಿಕ್ಕಲಿಲ್ಲ. ಸ್ತ್ರೀಯರ ವಿಶ್ವಪಟ್ಟಕ್ಕೆ ಆಕೆಯು ಎಂದೂ ಸ್ಪರ್ಧಿಸಲಿಲ್ಲ. 1991ರಲ್ಲಿ ಹದಿನೈದರ ಪ್ರಾಯದಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿ, 2005ರಲ್ಲಿ ಎಲ್ಲರ ಪಟ್ಟಿಯಲ್ಲಿ ಎಂಟನೆಯ ಸ್ಥಾನವನ್ನು ಮುಟ್ಟಿದಳು.

ನಮ್ಮ ದೇಶದಲ್ಲಿ ಸ್ತ್ರೀಯರ ರಾಷ್ಟ್ರೀಯ ಪಂದ್ಯವು ಮೊದಲು ನಡೆದದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಮುಂಬಯಿಯ ಖಾಡಿಲ್ಕರ್ ಸಹೋದರಿಯರಲ್ಲಿ ವಾಸಂತಿ ಅದನ್ನು ಗೆದ್ದಳು. ಆಕೆಯ ತಂಗಿ ರೋಹಿಣಿ 1976ರಲ್ಲಿ, ಹದಿಮೂರರ ಹುಡುಗಿ, ಪುರುಷರ ರಾಷ್ಟ್ರೀಯ ಪಂದ್ಯದಲ್ಲಿ ಕೂತಳು. ಗದ್ದಲವೆದ್ದಿತು; ಹೈಕೋರ್ಟಿನ ವರೆಗೆ ಹೋಗಬೇಕಾಯಿತು. ಕಡೆಗೆ ಫಿಡೆಯ ಅಧ್ಯಕ್ಷರು, ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಪಂದ್ಯಗಳಿಂದ ಸ್ತ್ರೀಯರನ್ನು ತಡೆಯಕೂಡದೆಂದು ತೀರ್ಪು ಕೊಟ್ಟರು. ಆ ಅಧ್ಯಕ್ಷರು ಯಾರೆಂದರೆ, ಹೇಸ್ಟಿಂಗ್ಸಿನಲ್ಲಿ ವೆರಾ ಮೆಂಚಿಕಳಿಗೆ ಎರಡು ಸಾರಿ ಸೋತ ಅದೇ ಮ್ಯಾಕ್ಸ್ ಯೂವೆ. ಹೆಂಗಸಿನ ಮುಂದೆ ಕೂತು ಸೋತವರಿಗೆ ಈ ವಿಷಯದಲ್ಲಿ ಹೆಚ್ಚಿನ ವಾದವು ಬೇಕಾಗಿರಲಿಲ್ಲವೆಂದು ನಾನು ಭಾವಿಸುತ್ತೇನೆ.

ಆ ಬಾಗಿಲಿನಿಂದ ಒಳಗೆ ಬಂದವರನ್ನು ನಾವು ನೋಡುತ್ತಿದ್ದೇವೆ. ಕೋನೇರು ಹಂಪಿ 2002ರಲ್ಲಿ, ದ್ರೋಣವಲ್ಲಿ ಹಾರಿಕಾ 2011ರಲ್ಲಿ, ಅವರ ತರುವಾಯ ಆರ್. ವೈಶಾಲಿ, 2025ರ ಜುಲೈಯಲ್ಲಿ ನಾಗಪುರದ ದಿವ್ಯಾ ದೇಶಮುಖ್, ಹೀಗೆ ನಾಲ್ವರು ಸ್ತ್ರೀಯರು ಯಾವ ರಿಯಾಯಿತಿಯೂ ಇಲ್ಲದ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಪಡೆದರು. ವೈಶಾಲಿಯೂ ಆಕೆಯ ತಮ್ಮ ಪ್ರಜ್ಞಾನಂದನೂ ಲೋಕದಲ್ಲಿಯೇ ಮೊದಲನೆಯ ಅಕ್ಕ-ತಮ್ಮ ಗ್ರ್ಯಾಂಡ್‌ಮಾಸ್ಟರರು. ಇದೂ ಒಂದು ವಿಚಿತ್ರವಾದ ಪಟ್ಟಿಯೇ, ಆದರೆ ಮನೆಯಲ್ಲಿ ಮಗನಿಗೂ ಮಗಳಿಗೂ ಒಂದೇ ಮಣೆಯನ್ನು ಹಾಕಿದ ತಾಯ್ತಂದೆಗಳ ಗುರುತು ಅದರಲ್ಲಿದೆ. ಆ ನಾಲ್ಕು ಹೆಸರುಗಳಲ್ಲಿ ಕರ್ನಾಟಕದ ಹೆಸರು ಒಂದೂ ಇಲ್ಲ.

ಹೆಂಗಸರಿಗೆ ಈ ಬುದ್ಧಿಯೇ ಕಡಿಮೆಯೆನ್ನುವವರು ಈಗಲೂ ಇದ್ದಾರೆ. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಒಂದು ಲೇಖನವು ಜರ್ಮನಿಯ ಪಟ್ಟಿಯನ್ನು ಪರೀಕ್ಷಿಸಿತು. ಅಲ್ಲಿ ಸುಮಾರು ಹದಿನಾರು ಪುರುಷರಿಗೆ ಒಬ್ಬ ಸ್ತ್ರೀ ಆಡುತ್ತಿದ್ದಳು. ಎರಡು ಕಡೆಯ ಶ್ರೇಷ್ಠರಾದ ನೂರು ಮಂದಿಯ ನಡುವಿನ ಅಂತರದ ಬಹುಭಾಗವನ್ನು ಈ ಸಂಖ್ಯೆಯೇ ವಿವರಿಸುತ್ತದೆಯೆಂದು ಅವರು ತೋರಿಸಿದರು. ಕೆಲವರು ಈ ಲೆಕ್ಕವನ್ನು ಒಪ್ಪಿಲ್ಲ. ಆದರೆ ನಮ್ಮ ರೈತನಿಗೆ ಇದು ಹೊಸದಲ್ಲ: ಹದಿನಾರು ಎಕರೆ ಗದ್ದೆಯಲ್ಲಿ ಹುಡುಕಿದ ಅತಿ ಉದ್ದವಾದ ತೆನೆಯು ಒಂದು ಎಕರೆಯಲ್ಲಿ ಹುಡುಕಿದ್ದಕ್ಕಿಂತ ಉದ್ದವಾಗಿರುವದು ಸಹಜ, ಅದಕ್ಕಾಗಿ ಆ ಒಂದು ಎಕರೆಯ ಮಣ್ಣನ್ನು ಯಾರೂ ಹಳಿಯುವದಿಲ್ಲ.

ಹಾಗಾದರೆ ಸ್ತ್ರೀಯರ ಪಟ್ಟಿಯನ್ನು ತೆಗೆದುಹಾಕಬೇಕೇ? ನಾನು ಹಾಗೆನ್ನುವದಿಲ್ಲ. ನಮ್ಮ ಶಾಲೆಯೇ ಒಂದು ಪ್ರತ್ಯೇಕ ಪಟ್ಟಿಯಲ್ಲವೇ? ಹುಡುಗರ ಸಂಗಡ ಹೆಣ್ಣನ್ನು ಕೂಡಿಸಲು ಒಪ್ಪದ ಕಾಲದಲ್ಲಿ ಮಿಶನರಿಗಳು ಹೆಣ್ಣುಮಕ್ಕಳಿಗೆಂದು ಬೇರೆ ಶಾಲೆಗಳನ್ನು ತೆರೆಯದಿದ್ದರೆ ನಮ್ಮ ಅಜ್ಜಿಯಂದಿರಲ್ಲಿ ಅನೇಕರು ಅಕ್ಷರವನ್ನೇ ಕಾಣುತ್ತಿರಲಿಲ್ಲ. ಆದರೆ ಒಂದು ಸಂಗತಿಯನ್ನು ನೆನಸಿರಿ. ನಮ್ಮ ತರಗತಿಯು ಬೇರೆಯಾಗಿತ್ತು, ಪರೀಕ್ಷೆಯು ಬೇರೆಯಾಗಿರಲಿಲ್ಲ. ಎಸ್.ಎಸ್.ಎಲ್.ಸಿ. ಪ್ರಶ್ನಪತ್ರಿಕೆಯು ಹುಡುಗರಿಗೂ ನಮಗೂ ಒಂದೇ. ಗಣಿತದಲ್ಲಿ ನಮಗೆ ಸುಲಭವಾದ ಲೆಕ್ಕಗಳನ್ನು ಯಾರೂ ಕೊಡಲಿಲ್ಲ, ನಾವು ಕೇಳಲೂ ಇಲ್ಲ. ಚದುರಂಗದಲ್ಲಿಯಾದರೋ 'ವುಮನ್ ಗ್ರ್ಯಾಂಡ್‌ಮಾಸ್ಟರ್' ಎಂಬ ಪದವಿಗೆ 2300 ರೇಟಿಂಗು ಸಾಕು, ಗ್ರ್ಯಾಂಡ್‌ಮಾಸ್ಟರ್ ಪದವಿಗೆ 2500 ಬೇಕು. ಆ ಚಿಕ್ಕ ಪದವಿಯು ದಾರಿಯಲ್ಲಿರುವ ಛತ್ರವಾಗಬಹುದು. ಅಲ್ಲಿಯೇ ಸಂಸಾರ ಹೂಡುವದಕ್ಕೆ ಛತ್ರವನ್ನು ಕಟ್ಟಿಸುವದಿಲ್ಲ.

ತಾಯ್ತಂದೆಗಳಲ್ಲಿ ನನ್ನ ಬಿನ್ನಹವು ಇಷ್ಟೇ. ಜಿಲ್ಲೆಯ ಪಂದ್ಯಗಳಲ್ಲಿ ಬಾಲಕಿಯರ ವಿಭಾಗವೆಂದೂ ಮುಕ್ತ ವಿಭಾಗವೆಂದೂ ಎರಡು ಇರುತ್ತವೆ. ಮೊದಲನೆಯದರಲ್ಲಿ ಹತ್ತು ಮಂದಿ ಆಡಿದರೆ ಎರಡನೆಯದರಲ್ಲಿ ನೂರು ಮಂದಿ. ಬಾಲಕಿಯರಲ್ಲಿ ಸೇರಿಸಿದರೆ ಕಪ್ಪು ದೊರಕುವದೆಂದು ಅನೇಕರು ವರುಷ ವರುಷವೂ ಅಲ್ಲಿಯೇ ಹೆಸರು ಕೊಡಿಸುತ್ತಾರೆ. ಮನೆಯ ಬೀರುವು ತುಂಬುತ್ತದೆ, ಮಗುವಿನ ಆಟವು ನಿಂತಲ್ಲಿಯೇ ನಿಲ್ಲುತ್ತದೆ. ಚಿಕ್ಕವಳಾಗಿರುವಾಗ ಹಾಗೆ ಮಾಡಿದರೆ ತಪ್ಪಿಲ್ಲ, ಉತ್ಸಾಹವು ಬೇಕಷ್ಟೆ. ಹತ್ತು ಹನ್ನೆರಡು ವರುಷವಾದ ಮೇಲೆ ಮುಕ್ತ ವಿಭಾಗದಲ್ಲಿ ಕೂಡಿಸಿರಿ, ಬರಿಗೈಯಲ್ಲಿ ಬಂದರೂ ಬರಲಿ. ದೂರದ ಊರು, ರಾತ್ರಿಯ ಬಸ್ಸು, ಹೆಣ್ಣುಮಗುವಿನ ಜೊತೆಗೆ ಯಾರು ಹೋಗಬೇಕೆಂಬ ಚಿಂತೆ, ಗಂಡುಹುಡುಗರು ತುಂಬಿದ ಸಭಾಂಗಣದಲ್ಲಿ ಕೇಳಿಬರುವ ನಗೆ, ಇವೆಲ್ಲಾ ಇವೆಯೆಂದು ಬಲ್ಲೆನು. ಮಗನಾದರೆ ಒಬ್ಬನೇ ಹೋಗಿ ಬರುತ್ತಾನೆ, ಮಗಳಾದರೆ ಇಬ್ಬರ ಖರ್ಚು. ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿನ ಸಾಮ್ಯವನ್ನು ಭಾನುವಾರದ ಪಾಠದಲ್ಲಿ ಕೇಳಿದ ನಾವು, ಆ ಆಳು ಹೂಳಿದ್ದು ಸೋಮಾರಿತನಕ್ಕಿಂತಲೂ ಹೆದರಿಕೆಯಿಂದ ಎಂಬದನ್ನು ಮರೆಯುತ್ತೇವೆ.

ಇಲ್ಲಿ ಹಳೆಯ ವಿದ್ಯಾರ್ಥಿನಿಯರು ಮಾಡಬಹುದಾದದ್ದು ಉಂಟು. ವಾರ್ಷಿಕೋತ್ಸವಕ್ಕೆಂದು ನಾವು ಕೂಡಿಸುವ ವಂತಿಗೆಯಿಂದ ಮತ್ತೊಂದು ಬೆಳ್ಳಿಯ ಕಪ್ಪನ್ನು ಮಾಡಿಸುವದಕ್ಕೆ ಬದಲಾಗಿ, ಮುಕ್ತ ವಿಭಾಗದಲ್ಲಿ ಆಡಲೊಪ್ಪುವ ನಾಲ್ಕು ಮಂದಿ ಬಾಲಕಿಯರ ಪ್ರವೇಶಶುಲ್ಕವನ್ನೂ, ಅವರ ಜೊತೆಗೆ ಹೋಗುವ ಒಬ್ಬ ಉಪಾಧ್ಯಾಯಿನಿಯವರ ಪ್ರಯಾಣದ ವೆಚ್ಚವನ್ನೂ ನಾವು ವಹಿಸಿಕೊಳ್ಳೋಣ. ಅವರು ಎಷ್ಟನೆಯವರಾಗಿ ಬಂದರೂ ಆ ಸ್ಥಾನವನ್ನು, ನಲವತ್ತಾಗಲಿ ತೊಂಬತ್ತಾಗಲಿ, ಮುಂದಿನ ವರುಷದ ಸಂಚಿಕೆಯಲ್ಲಿ ಹೆಸರಿನೊಡನೆ ಅಚ್ಚು ಹಾಕಿಸಬೇಕೆಂದು ಸಂಪಾದಕರಲ್ಲಿ ಕೇಳಿಕೊಳ್ಳುತ್ತೇನೆ.