ಅಜ್ಜ ಮತ್ತೆ ನಿಲ್ಲಲು ಕಲಿಯುವಾಗ

ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಮಕ್ಕಳು ಗದ್ದೆಯ ಬದುವಿನ ಮೇಲೆ ಓಡುವುದನ್ನು ನೋಡಿದ್ದೀರಾ? ಗೇಣಗಲದ ಬದು, ಎರಡೂ ಕಡೆ ಕೆಸರು. ಆದರೂ ಬೀಳುವುದಿಲ್ಲ. ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳು - ಈ ಮೂರು ಕಡೆಯಿಂದ ಮಿದುಳಿಗೆ ಸುದ್ದಿ ಹೋಗುತ್ತಿರುತ್ತದೆ. ಯಾವ ಸ್ನಾಯು ಎಷ್ಟು ಬಿಗಿಯಬೇಕೆಂದು ಮಿದುಳು ಕ್ಷಣಾರ್ಧದಲ್ಲಿ ಅಪ್ಪಣೆ ಕೊಡುತ್ತದೆ. ಇದೇ ಸಮತೋಲನ.

ಪಾರ್ಶ್ವವಾಯು, ಅಂದರೆ ಲಕ್ವ, ಹೊಡೆದಾಗ ತಪ್ಪುವುದು ಈ ಲೆಕ್ಕವೇ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಒಂದು ಭಾಗ ಕೆಲಸ ನಿಲ್ಲಿಸುತ್ತದೆ. ಕಾಲಿಗೆ ಅಷ್ಟಿಷ್ಟು ಬಲ ಬಂದರೂ ಮೈ ವಾಲುತ್ತದೆ. ಅಜ್ಜ ಏಳಲು ಹೋದರೆ ಸೊಸೆ ಹೌಹಾರುತ್ತಾಳೆ: 'ಮಾವಾ, ಏಳಬ್ಯಾಡ್ರಿ, ಬೀಳ್ತೀರಿ!' ಅದು ಪ್ರೀತಿಯ ಮಾತೇ. ಆದರೆ ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಧೈರ್ಯವೂ ಕುಗ್ಗುತ್ತದೆ.

ಒಂದು ಭಾಗ ಕೆಟ್ಟರೂ ಮಿದುಳಿನ ಉಳಿದ ಭಾಗಗಳು ಹೊಸ ದಾರಿ ಕಂಡುಕೊಳ್ಳಬಲ್ಲವು. ಅದಕ್ಕೆ ಬೇಕಾದದ್ದು ಅಭ್ಯಾಸ, ಮಗ್ಗಿ ಬಾಯಿಪಾಠ ಮಾಡಿದಂತೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಚುರುಕು. ಆಮೇಲೂ ಅದು ನಿಲ್ಲುವುದಿಲ್ಲ. ಮೊದಲು ಆಸರೆಯಿಲ್ಲದೆ ಕೂರುವುದು, ನಂತರ ಕುರ್ಚಿಯಿಂದ ಎದ್ದು ಕೂರುವುದು, ಬಳಿಕ ಗೋಡೆಯ ಪಕ್ಕ ನಿಂತು ಭಾರವನ್ನು ಸೋತ ಕಾಲಿನ ಮೇಲೂ ಹಾಕುವುದು, ಕೊನೆಗೆ ಹೆಜ್ಜೆ. ಮಸ್ಕಿಯ ಮಲ್ಲಯ್ಯನ ಗುಡ್ಡ ಹತ್ತುವುದು ಆಮೇಲಿನ ಮಾತು. ಮೊದಲು ಮನೆಯ ಹೊಸ್ತಿಲು ದಾಟಬೇಕು.

ವಿದ್ಯಾರ್ಥಿಗಳೇ, ಇದಕ್ಕೂ ಒಂದು ಪರೀಕ್ಷೆ ಉಂಟು! ಕೆನಡಾದ ಕ್ಯಾಥರಿನ್ ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ 14 ಪ್ರಶ್ನೆಗಳು, ಪ್ರತಿಯೊಂದಕ್ಕೆ 4ರಂತೆ ಒಟ್ಟು 56 ಅಂಕ. ಕಣ್ಣು ಮುಚ್ಚಿ ಹತ್ತು ಸೆಕೆಂಡ್ ನಿಲ್ಲುವುದು, ನೆಲದಿಂದ ವಸ್ತು ಎತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು ಅದರಲ್ಲಿ ಸೇರಿವೆ. ಆದರೆ ಈ ಪರೀಕ್ಷೆ ನಡೆಸಬೇಕಾದವರು ಫಿಸಿಯೋಥೆರಪಿ ತಜ್ಞರೇ. ಯಾವ ವ್ಯಾಯಾಮ, ಎಷ್ಟು ಸಲ ಎಂಬುದನ್ನೂ ಅವರೇ ಹೇಳಬೇಕು.

ಲಿಂಗಸುಗೂರು, ಸಿಂಧನೂರು, ಮಸ್ಕಿಯ ಹಳ್ಳಿಗಳಿಂದ ದಿನಾ ರಾಯಚೂರಿಗೆ ಹೋಗಿಬರುವುದು ಆಗದ ಮಾತು. ಆದ್ದರಿಂದ ಕಲಿತದ್ದನ್ನು ಮನೆಯಲ್ಲಿ ನಡೆಸುವವರು ಬೇಕು. ಶಾಲೆಯಿಂದ ಬಂದ ಮೊಮ್ಮಗಳು ಹತ್ತು ನಿಮಿಷ ಜೊತೆಗಿದ್ದು, ಅಜ್ಜ ಇಂದು ಎಷ್ಟು ಸಲ ಎದ್ದು ಕೂತರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಹಿಡಿಯಲು ಮಾತ್ರ ದೊಡ್ಡವರೊಬ್ಬರು ಸೋತ ಮಗ್ಗುಲಿಗೆ ನಿಂತಿರಲಿ. ಸೋತ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರೀತು. ಸೊಂಟದ ಬಳಿ ಹಿಡಿಯಿರಿ. ಬಚ್ಚಲಿನ ಒದ್ದೆ ಕಲ್ಲು, ಸಡಿಲ ಚಪ್ಪಲಿ, ರಾತ್ರಿಯ ಕತ್ತಲೆ ವೈರಿಗಳೆಂದು ತಿಳಿಯಿರಿ. ತಲೆ ತಿರುಗಿದರೆ ಕೂಡಲೇ ಕೂರಿಸಿ.

ಪಾಲಕರಿಗೂ ಒಂದು ಮಾತು. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧಿಗೆ ಅಲೆಯದೆ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಸಿಗುವ ಅವಕಾಶ ನಾಲ್ಕೂವರೆ ಗಂಟೆ ಮಾತ್ರ.

ನೀವು ಮೊದಲ ಹೆಜ್ಜೆ ಇಟ್ಟಾಗ ಬೆರಳು ಕೊಟ್ಟವರು ಅಜ್ಜ. ಈಗ ಅವರ ಸರದಿ.