ಒಂದೂವರೆ ಗಂಟೆಯ ಹಾದಿ

ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ಘಟ್ಟದ ರಸ್ತೆ ರಾಜ್ಯದ ಗಡಿಯನ್ನು ಮುಟ್ಟುವುದು ಪಾಲಾರಿನಲ್ಲಿ. ನಾಡಿನ ನೆನಪಿನಲ್ಲಿ ಈ ಹೆಸರಿಗೆ ಇಂದಿಗೂ 1993ರ ನೆಲಬಾಂಬ್ ಸ್ಫೋಟವೇ ಅಂಟಿಕೊಂಡಿದೆ. ಆದರೆ ಇಲ್ಲಿನ ಕಾಡು, ಹಳ್ಳ, ಮೆಟ್ಟೂರಿನ ಹಿನ್ನೀರು ಎಲ್ಲವನ್ನೂ ಎರಡು ದಶಕಗಳಿಂದ ದಿನವೂ ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ ಮೇಲಿನಿಂದ ನೋಡುತ್ತ ಬಂದ ಉಪಗ್ರಹಗಳ ಸಾಲೊಂದು ಈಗ ಚದುರಿಹೋಗಿದೆ. ಅದು ಕೊಟ್ಟದ್ದೇನು, ಅದರಲ್ಲಿ ನಮಗೆ ದಕ್ಕಿದ್ದೆಷ್ಟು ಎಂದು ಹಿಂತಿರುಗಿ ನೋಡಲು ಇದು ಸರಿಯಾದ ಹೊತ್ತು.

ಆ ಸಾಲಿನ ಹೆಸರು ಎ-ಟ್ರೇನ್. 2002ರ ಮೇ ತಿಂಗಳಲ್ಲಿ ಹಾರಿದ ನಾಸಾದ ಆಕ್ವಾ ಅದರ ಮೊದಲಿಗ. 2004ರಲ್ಲಿ ಆರಾ ಮತ್ತು ಫ್ರಾನ್ಸಿನ ಪ್ಯಾರಾಸೋಲ್, 2006ರಲ್ಲಿ ಒಂದೇ ರಾಕೆಟ್ಟಿನಲ್ಲಿ ಕ್ಲೌಡ್‌ಸ್ಯಾಟ್ ಮತ್ತು ಕ್ಯಾಲಿಪ್ಸೊ, 2012ರಲ್ಲಿ ಜಪಾನಿನದೊಂದು, 2014ರಲ್ಲಿ ಇಂಗಾಲವನ್ನು ಅಳೆಯುವ ಓಸಿಓ-2 ಬಂದು ಸೇರಿದವು. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಪರಿಸೆಯವರು ಕಾಡಿನ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗುವ ಹಾಗೆ, 705 ಕಿ.ಮೀ. ಎತ್ತರದ ಒಂದೇ ಹಾದಿಯಲ್ಲಿ ಇವು ಸಾಗಿದವು. ಕ್ಲೌಡ್‌ಸ್ಯಾಟ್‌ಗೂ ಕ್ಯಾಲಿಪ್ಸೊಗೂ ನಡುವೆ ಇದ್ದದ್ದು ಹದಿನೈದು ಸೆಕೆಂಡಿನಷ್ಟು ಅಂತರ. ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಈ ಅಂತರ ಕಾಯುವುದು ಆಟವಲ್ಲ. ಆಗಾಗ ಇಂಧನ ಸುಟ್ಟು ಜಾಗ ಸರಿಪಡಿಸಿಕೊಳ್ಳುತ್ತಿರಬೇಕು.

ಇಷ್ಟು ಕಷ್ಟ ಯಾಕೆ? ಮೋಡ ನಿಂತಲ್ಲಿ ನಿಲ್ಲುವುದಿಲ್ಲ, ಹೊಗೆಯೂ ಅಷ್ಟೇ. ಆಕ್ವಾ ಮೋಡದ ನೆತ್ತಿಯನ್ನೂ ಅದರ ಶಾಖವನ್ನೂ ನೋಡುತ್ತಿತ್ತು. ಬೆನ್ನಿಗೇ ಬಂದ ಕ್ಲೌಡ್‌ಸ್ಯಾಟ್‌ನ ರಾಡಾರ್ ಅದೇ ಮೋಡದ ಒಡಲನ್ನು ಅಳೆಯುತ್ತಿತ್ತು. ಕ್ಯಾಲಿಪ್ಸೊದ ಲೇಸರ್ ಕಣ್ಣಿಗೆ ಕಾಣದಷ್ಟು ತೆಳುವಾದ ದೂಳು, ಹೊಗೆ ಯಾವ ಎತ್ತರದಲ್ಲಿದೆ ಎಂದು ಹೇಳುತ್ತಿತ್ತು. ಮೋಡ ಕದಲುವ ಮೊದಲೇ ಮೂರು ಬಗೆಯ ಸಾಕ್ಷಿ ಸಿಗುತ್ತಿತ್ತು. ನೋವಿನ ಪುಟಗಳೂ ಇವೆ. ಈ ಸಾಲಿಗೆಂದೇ ಹೊರಟ ಎರಡು ಉಪಗ್ರಹಗಳು, 2009ರಲ್ಲಿ ಓಸಿಓ, 2011ರಲ್ಲಿ ಗ್ಲೋರಿ, ರಾಕೆಟ್ಟಿನ ಮೇಲ್ಕವಚ ಕಳಚಿಕೊಳ್ಳದೆ ಸಮುದ್ರದ ಪಾಲಾದವು. 2011ರಲ್ಲೇ ಬ್ಯಾಟರಿ ಕೈಕೊಟ್ಟು ಸಾಲು ಬಿಟ್ಟಿಳಿದ ಕ್ಲೌಡ್‌ಸ್ಯಾಟ್ ಮರುವರ್ಷ ಮರಳಿ ಬಂದು, ಬಿಸಿಲಿದ್ದಾಗಷ್ಟೇ ದುಡಿಯಿತು.

ಒಂದೇ ಕಕ್ಷೆಯನ್ನು ಹಂಚಿಕೊಳ್ಳುವ ಯೋಚನೆ ನಮಗೆ ಹೊಸದಲ್ಲ. ಅಡಮಾರಿನ ಯು.ಆರ್. ರಾವ್ ಇಸ್ರೊ ಅಧ್ಯಕ್ಷರಾಗಿದ್ದಾಗ, ಬೆಂಗಳೂರಿನಲ್ಲಿ ಕಟ್ಟಿದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಮೇಲೇರಿತು. ಒಂದೇ ಜಾಗಕ್ಕೆ ಅದು ಮರಳಲು 22 ದಿನ ಬೇಕಿತ್ತು. 1991ರಲ್ಲಿ ಜೊತೆಗಾರ 1ಬಿ ಸೇರಿದ ಮೇಲೆ ಅದು 11 ದಿನಕ್ಕಿಳಿಯಿತು. ಆದರೆ ಆ ಪರಂಪರೆ ಮುಖ್ಯವಾಗಿ ಬೆಳಗಿನ ಹತ್ತೂವರೆಯದು. ಬೆಳೆ, ನೆಲ, ಕೆರೆ ನೋಡಲು ಅದು ಒಳ್ಳೆಯ ಬೆಳಕು, ಕಾಡ್ಗಿಚ್ಚಿಗಲ್ಲ.

ಪಾಲಾರಿನ ಸುತ್ತ ಇರುವುದು ಹೆಚ್ಚಾಗಿ ಎಲೆ ಉದುರುವ ಒಣಕಾಡು. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮವಾದ 900 ಚದರ ಕಿ.ಮೀ.ಗೂ ಮಿಕ್ಕ ಕಾಡಿನ ಪಾಡೂ ಬಹುಮಟ್ಟಿಗೆ ಇದೇ. ಫೆಬ್ರುವರಿ ಕಳೆಯಿತೆಂದರೆ ತರಗು ಗರಿಗರಿ ಒಣಗಿರುತ್ತದೆ, ಲಾಂಟಾನ ಪೊದೆ ಬೆಂಕಿಯನ್ನು ಮರದ ಮೇಲಕ್ಕೆ ಹತ್ತಿಸಲು ಕಾದಿರುತ್ತದೆ. ಬೆಂಕಿ ಕೆರಳುವುದು ನಡುಮಧ್ಯಾಹ್ನದ ಮೇಲೆ. ಹಾಗಾಗಿ ಒಂದೂವರೆಯ ಕಣ್ಣು ನಮಗೆ ಮುಖ್ಯವಾಯಿತು. ಆಕ್ವಾ ಮತ್ತು ಬೆಳಗಿನ ಹೊತ್ತು ಹಾಯುವ ಟೆರ್ರಾ ಉಪಗ್ರಹ ಗುರುತಿಸಿದ ಬೆಂಕಿಯ ಚುಕ್ಕಿಗಳನ್ನು ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ 2004ರಿಂದ ರಾಜ್ಯಗಳಿಗೆ ತಿಳಿಸುತ್ತ ಬಂದಿದೆ. ಆಕ್ವಾದ ಒಂದು ಚುಕ್ಕಿ ಒಂದು ಕಿ.ಮೀ. ಅಗಲ, ಅನಂತರ ಬಂದ ಸುವೋಮಿ ಮತ್ತು ನೋವಾ ಉಪಗ್ರಹಗಳದ್ದು 375 ಮೀಟರ್. ಕಡಿದಾದ ಗುಡ್ಡದಲ್ಲಿ ಗಾರ್ಡ್ ಯಾವ ಕೊರಕಲಿಗೆ ಇಳಿಯಬೇಕು ಎನ್ನುವುದು ಈ ವ್ಯತ್ಯಾಸದಲ್ಲಿ ತೀರ್ಮಾನವಾಗುತ್ತದೆ.

ಹಾಗೆಂದು ಆ ಚುಕ್ಕಿ ಎಲ್ಲವನ್ನೂ ಹೇಳುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ ಹಾಕುತ್ತಿದ್ದ ತರಗು ಬೆಂಕಿ ನೆಲಕ್ಕಂಟಿ ಉರಿದು ಆರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಲಾಂಟಾನ ಮೇರೆ ಮೀರಿತು ಎಂದು ಅವರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಸಂಶೋಧಕರು ದಾಖಲಿಸಿದ್ದಾರೆ. ಇಪ್ಪತ್ತು ವರ್ಷದ ಉಪಗ್ರಹ ದಾಖಲೆಯನ್ನೂ ಸೋಲಿಗರ ಪೋಡಿನ ಹಿರಿಯರ ತಿಳಿವಳಿಕೆಯನ್ನೂ ಒಂದೇ ನಕ್ಷೆಯ ಮೇಲಿಟ್ಟು ಮಹದೇಶ್ವರ ಬೆಟ್ಟದ ಅರಣ್ಯ ಯೋಜನೆ ರೂಪಿಸಬೇಕಿತ್ತು. ನಾವು ಕಳೆದುಕೊಂಡ ದೊಡ್ಡ ಅವಕಾಶ ಅದು ಎಂದೇ ನಮ್ಮ ಅಭಿಪ್ರಾಯ.

ಈಗ ಆ ಸಾಲು ಹಿಂದಿನಂತೆ ಉಳಿದಿಲ್ಲ. ಕ್ಲೌಡ್‌ಸ್ಯಾಟ್, ಕ್ಯಾಲಿಪ್ಸೊ 2018ರಲ್ಲೇ ಕೆಳಗಿಳಿದವು, 2023ರಲ್ಲಿ ಎರಡೂ ಕೆಲಸ ಮುಗಿಸಿದವು. ಇಂಧನ ಉಳಿಸಬೇಕಾಗಿ ಬಂದ ಆಕ್ವಾ 2022ರಿಂದ ತನ್ನ ಹೊತ್ತನ್ನು ಹಿಡಿದಿಟ್ಟುಕೊಂಡಿಲ್ಲ. ವರ್ಷ ವರ್ಷಕ್ಕೂ ತಡವಾಗಿ ಹಾಯುತ್ತಿದೆ. ಹೊತ್ತು ಬದಲಾದರೆ ನಿನ್ನೆಯ ಬೆಂಕಿಯನ್ನು ಇಂದಿನದರ ಜೊತೆ ಹೋಲಿಸುವುದು ಕಷ್ಟ. ಸದ್ಯ ಒಂದೂವರೆಯ ಹಾದಿಯಿಂದ ಬೆಂಕಿಯನ್ನು ಕಾಯುತ್ತಿರುವುದು ಅಮೆರಿಕದ ಹವಾಮಾನ ಉಪಗ್ರಹಗಳು.

ಇಸ್ರೊ ಮತ್ತು ಫ್ರಾನ್ಸ್ ಜೊತೆಗೂಡಿ ಸಿದ್ಧಪಡಿಸುತ್ತಿರುವ ತೃಷ್ಣಾ ಉಪಗ್ರಹ ನಡುಹಗಲಿನ ಸುಮಾರಿಗೆ ಹಾಯುವಂತೆ ಯೋಜಿತವಾಗಿದೆ. ನೆಲದ ಶಾಖವನ್ನು 57 ಮೀಟರ್ ಸೂಕ್ಷ್ಮತೆಯಲ್ಲಿ ಅಳೆಯುವ ಅದರ ಮುಖ್ಯ ಗುರಿ ಬೆಳೆಯ ನೀರಿನ ಕೊರತೆ. ಅದರ ಮಾಹಿತಿಯಲ್ಲಿ ಒಣಕಾಡಿಗೂ ಪಾಲು ಕೊಡಿಸಲು ರಾಜ್ಯದ ಅರಣ್ಯ ಇಲಾಖೆ ಈಗಲೇ ಕೇಳಿಕೆ ಸಲ್ಲಿಸಬೇಕು. ಹನೂರು ತಾಲ್ಲೂಕಿನ ಪ್ರತಿ ಬೀಟಿಗೂ ಬೆಂಕಿಯ ಸುದ್ದಿ ಕನ್ನಡದ ಧ್ವನಿಸಂದೇಶವಾಗಿ, ಮೊಬೈಲ್ ಸಿಗ್ನಲ್ ಸಿಗದ ಕಡೆ ವೈರ್‌ಲೆಸ್‌ನಲ್ಲಿ, ಬೆಂಕಿ ಕಾಯಲು ದಿನಗೂಲಿಗೆ ನಿಂತ ಸೋಲಿಗ ಯುವಕರಿಗೆ ನೇರವಾಗಿ ತಲುಪಬೇಕು. ಇದಕ್ಕೆ ಹೊಸ ಉಪಗ್ರಹ ಹಾರುವವರೆಗೆ ಕಾಯಬೇಕಾಗಿಲ್ಲ; ಮುಂದಿನ ಬೇಸಿಗೆಗೇ ಮಾಡಬಹುದು.